ಅಮ್ಮನಿಗೆ ಓದಲಾಗದ ಯಂತ್ರ ಯಾರ ಮನೆಯದು?

(ರಜೆಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ಹುಡುಗ ಹುಡುಗಿಯರ ಮುಂದೆ, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ನಾನು ಭಾಷಣಕಾರನಲ್ಲ. ಬೇರೆಯವರ ಭಾಷಣಕ್ಕೆ ಕರಪತ್ರ ಅಚ್ಚು ಹಾಕಿಕೊಡುವವನು. ಓದಿದ್ದು ಪಿಯುಸಿ. ಆಮೇಲೆ ಓದಿದ್ದೆಲ್ಲ ಪ್ರೂಫು. ಮದುವೆ ಕಾಗದ, ಬಿಲ್ ಬುಕ್ಕು, ತೇರುಮಲ್ಲೇಶ್ವರ ಜಾತ್ರೆಯ ಪೋಸ್ಟರು, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಬ್ಯಾನರು. ಕನ್ನಡದ ಹುಡುಗರು ಬಂದರೆ ಕಾಗದದ ದುಡ್ಡು ಮಾತ್ರ ತಗೊಂಡು ಅಚ್ಚಿನ ದುಡ್ಡು ಬಿಟ್ಟವನು ನಾನು. ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದೆ, ನನ್ನ ಪ್ರೆಸ್ಸಿನಲ್ಲಿ ಕನ್ನಡಕ್ಕೆ ಅನ್ಯಾಯವಾಗಿಲ್ಲ ಅಂತ.

ಅನ್ಯಾಯ ಆಗಿದ್ದು ನನ್ನ ಮನೆಯಲ್ಲಿ. ಮಾಡಿದವನು ನಾನೇ. ಇವತ್ತು ಅದನ್ನು ಹೇಳಿಕೊಳ್ಳಲಿಕ್ಕೆ ನಿಂತಿದ್ದೇನೆ.

ನೀವೆಲ್ಲ ಬೆಂಗಳೂರಿನಲ್ಲಿದ್ದೀರಿ. ನೀರು ಅಂದರೆ ನಿಮಗೆ ನಲ್ಲಿ, ಇಲ್ಲವೇ ಟ್ಯಾಂಕರು. ನಮ್ಮೂರಿನ ಹೆಸರಿನಲ್ಲೇ ಕೆರೆ ಇದೆ. ಆದರೂ ನಮಗೆ ನೀರು ಅಂದರೆ ಬಿಂದಿಗೆ ಲೆಕ್ಕ. ನಮ್ಮ ತಾಲ್ಲೂಕಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟು ವರ್ಷ ಕಾದ ಸೀಮೆಯ ಜನ ನಾವು. ಇಲ್ಲಿ ಟ್ಯಾಂಕು ತುಂಬಿ ಅಂಗಳಕ್ಕೆ ನೀರು ಹರಿದರೆ ಬೀದಿಯವರು ಬಂದು ಬೈಯುತ್ತಾರೆ. ಬೈಯಲೇಬೇಕು.

ನಮ್ಮ ಅಮ್ಮ ಈ ಊರಿನಲ್ಲೇ ಇದ್ದಾಳೆ. ವಯಸ್ಸು ಎಪ್ಪತ್ತು ದಾಟಿದೆ. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಪೇಪರು ಓದುತ್ತಾಳೆ, ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ. ನನ್ನ ಪ್ರೆಸ್ಸು ಹಿರಿಯೂರಿನಲ್ಲಿ. ಮನೆಯ ತೊಟ್ಟಿಗೆ ನಲ್ಲಿ ನೀರು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಂದಾಗ ಮೋಟ್ರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮರೆತರೆ ಟ್ಯಾಂಕು ತುಂಬಿ ಹರಿಯುತ್ತದೆ. ತೊಟ್ಟಿ ಖಾಲಿಯಾದದ್ದು ಕಾಣದಿದ್ದರೆ ಮೋಟ್ರು ಒಣಗಿ ಓಡಿ ಸುಟ್ಟುಹೋಗುತ್ತದೆ. ಎರಡು ಸಲ ವೈಂಡಿಂಗ್ ಮಾಡಿಸಿ ಸಾಕಾಯಿತು. ಆಗ ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ, "ಅಂಕಲ್, ಇದನ್ನ ಆಟೋಮೇಟ್ ಮಾಡಿಬಿಡೋಣ" ಅಂದ. ಮಾಡಿಕೊಟ್ಟ. ಒಳ್ಳೆಯ ಹುಡುಗ, ಒಂದು ರೂಪಾಯಿ ತಗೊಳ್ಳಲಿಲ್ಲ. ಒಂದು ಸಣ್ಣ ಕಂಪ್ಯೂಟರು, ಒಂದು ವೈಫೈ ರಿಲೇ, ನೀರಿನ ಮಟ್ಟ ಹೇಳುವ ಎರಡು ಫ್ಲೋಟು. ಮೂರು ತಿಂಗಳು ಗಡಿಯಾರದ ಹಾಗೆ ನಡೆಯಿತು. ನಾನು ಊರೆಲ್ಲ ಜಂಬ ಕೊಚ್ಚಿಕೊಂಡೆ.

ಒಂದು ಭಾನುವಾರ ಮನೆಗೆ ಬಂದೆ. ಅಮ್ಮ ತೊಟ್ಟಿಯ ಬಾಯಿಗೆ ಬಗ್ಗಿ, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ಸೇದುತ್ತಿದ್ದಳು. ಮಂಡಿ ನೋವಿನ ಹೆಂಗಸು. ಜಾರಿದರೆ ತೊಟ್ಟಿಯೊಳಗೇ. ಎದೆ ಝಲ್ ಎಂದಿತು. "ಎಷ್ಟು ದಿನದಿಂದ ಹಿಂಗೆ?" ಅಂದೆ. "ಎಲ್ಡು ದಿನ ಆತು" ಅಂದಳು. "ಫೋನ್ ಯಾಕೆ ಮಾಡಲಿಲ್ಲ?"

"ಫೋನ್ನಾಗೆ ಏನೋ ಇಂಗ್ಲೀಷ್ನಾಗೆ ಬಂತಪ್ಪ. ನಾನೇ ಏನೋ ಒತ್ತಿ ಕೆಡಿಸಿದೆ ಅನ್ಕಂಡೆ. ನೀನು ಬೈತೀಯ ಅಂತ ಹೇಳ್ಲಿಲ್ಲ."

ಫೋನು ತೆಗೆದು ನೋಡಿದೆ. "ಸಂಪ್ ಲೆವೆಲ್ ಕ್ರಿಟಿಕಲ್. ಪಂಪ್ ಲಾಕ್ಡ್. ರೀಸೆಟ್ ರಿಕ್ವೈರ್ಡ್." ಅಷ್ಟೇ. ತೊಟ್ಟಿ ಒಣಗಿತ್ತು, ಯಂತ್ರ ಮೋಟ್ರಿಗೆ ಬೀಗ ಹಾಕಿತ್ತು. ಅದು ಸರಿಯಾದ ಕೆಲಸವೇ. ಅವತ್ತೇ ಸಂಜೆ ನಲ್ಲಿ ನೀರು ಬಂದು ತೊಟ್ಟಿ ತುಂಬಿತ್ತು. ಒಂದು ಗುಂಡಿ ಒತ್ತಿದ್ದರೆ ಮೋಟ್ರು ಓಡುತ್ತಿತ್ತು. ಆ ಗುಂಡಿಯ ಹೆಸರೂ ಇಂಗ್ಲಿಷು.

ಯೋಚನೆ ಮಾಡಿ ಗೆಳೆಯರೇ. ತಪ್ಪು ಯಂತ್ರದ್ದಲ್ಲ, ಅಮ್ಮನದಲ್ಲ. ಆದರೆ ತಪ್ಪಿತಸ್ಥೆಯ ಹಾಗೆ ಎರಡು ದಿನ ಬಾಯಿ ಮುಚ್ಚಿಕೊಂಡು ನೀರು ಹೊತ್ತವಳು ಅಮ್ಮ. ತಾನು ಐವತ್ತು ವರ್ಷ ಬಾಳಿದ ಮನೆಯಲ್ಲಿ! ಭಾಷೆ ಬರದವರನ್ನು ಅಧಿಕಾರಿ ಕಚೇರಿಯಲ್ಲಿ ಹೇಗೆ ಕೂರಿಸುತ್ತಾನೋ, ಹಾಗೆ ನನ್ನ ದುಡ್ಡಿನ ಯಂತ್ರ ನನ್ನ ತಾಯಿಯನ್ನು ಮೂಲೆಗೆ ಕೂರಿಸಿತ್ತು.

2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು ಅಂತ ಕಾನೂನಾಯಿತು. ಒಳ್ಳೆಯದೇ. ಬೀದಿಯಲ್ಲಿ ಲೆಕ್ಕ ಕೇಳುತ್ತೇವೆ. ಮನೆಯೊಳಗೆ ಶೇಕಡ ಎಷ್ಟು ಸ್ವಾಮಿ? ನನ್ನ ಮನೆಯಲ್ಲಿ ಸೊನ್ನೆ.

ಆ ಹುಡುಗನಿಗೆ ಫೋನ್ ಮಾಡಿದೆ. ಅವನು, "ಅಂಕಲ್, ಫೈಲ್ ಕಳಿಸ್ತೀನಿ, ನೀವೇ ಬದಲಾಯಿಸಿ" ಅಂದ. ಫೈಲ್ ಬಂತು. ಸಾಲು ಸಾಲು ಇಂಗ್ಲಿಷು. ಒಂದು ಸಾಲಿನ ಮುಂದೆ ಎರಡು ಖಾಲಿ ಜಾಗ ಹೆಚ್ಚು ಕಡಿಮೆಯಾದರೆ ಇಡೀ ಆದೇಶ ಕೆಟ್ಟುಹೋಗುತ್ತದೆ. ಮೊಳೆ ಜೋಡಿಸಿದ ಕೈಗೆ ಖಾಲಿ ಜಾಗದ ಬೆಲೆ ಗೊತ್ತು, ಆದರೂ ಇದು ನನ್ನಿಂದಾಗದ ಕೆಲಸ ಅನ್ನಿಸಿತು. ಆಗ ಅವನೇ ಹೇಳಿದ, "ಹಾಗಾದರೆ ಚಿತ್ರದಲ್ಲಿ ಬರೆಯೋ ಎಡಿಟರ್ ಹಾಕಿಕೊಳ್ಳಿ. ನೋಡ್-ರೆಡ್ ಅಂತ."

ಏನಿದು ನೋಡ್-ರೆಡ್? 2013ರಲ್ಲಿ ಐಬಿಎಂ ಕಂಪನಿಯ ಇಂಗ್ಲೆಂಡಿನ ಇಬ್ಬರು ಎಂಜಿನಿಯರುಗಳು, ನಿಕ್ ಓಲಿಯರಿ ಮತ್ತು ಡೇವ್ ಕಾನ್ವೇ-ಜೋನ್ಸ್, ಶುರು ಮಾಡಿದ ತಂತ್ರಾಂಶ. ಅದೇ ವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು. ಚೌಕ ಬರೆದು ಗೆರೆ ಎಳೆದು ಕಂಪ್ಯೂಟರಿಗೆ ಕೆಲಸ ಹೇಳುವ ಆಲೋಚನೆ ಇನ್ನೂ ಹಳೆಯದು, 1970ರ ದಶಕದಲ್ಲಿ ಪಾಲ್ ಮಾರಿಸನ್ ಎಂಬಾತ ಅದನ್ನು ಬೆಳೆಸಿದ್ದ. ನಮ್ಮ ಮನೆಯ ಸಣ್ಣ ಕಂಪ್ಯೂಟರಿನಲ್ಲಿ ಇದ್ದದ್ದು ಹೋಮ್ ಅಸಿಸ್ಟೆಂಟ್. ಅದನ್ನೂ 2013ರಲ್ಲೇ ಪೌಲಸ್ ಸ್ಕೌಟ್‌ಸನ್ ಶುರು ಮಾಡಿದ್ದು. 2024ರಿಂದ ಅದು ಓಪನ್ ಹೋಮ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಎರಡೂ ಪುಕ್ಕಟೆ. ಪುಕ್ಕಟೆ ಅನ್ನುವುದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಬಿಚ್ಚಿ ನೋಡಬಹುದು, ತಿದ್ದಬಹುದು. ಯಾವ ಕಂಪನಿಯ ಅಪ್ಪಣೆಯೂ ಬೇಡ.

ಹಾಕಿಕೊಳ್ಳುವುದು ಹೇಗೆ? ಹೋಮ್ ಅಸಿಸ್ಟೆಂಟಿನ ಪೂರ್ತಿ ವ್ಯವಸ್ಥೆ ಒಂದು ರಾಸ್ಪ್‌ಬೆರಿ ಪೈ ಮೇಲೋ, ಹಳೆಯ ಪುಟ್ಟ ಕಂಪ್ಯೂಟರಿನ ಮೇಲೋ ಓಡುತ್ತಿದ್ದರೆ, ಅದರ ಸೆಟ್ಟಿಂಗ್ಸ್ ಒಳಗೆ ಹೆಚ್ಚುವರಿ ತಂತ್ರಾಂಶಗಳ ಅಂಗಡಿ ಇದೆ. ಅಲ್ಲಿ ನೋಡ್-ರೆಡ್ ಹುಡುಕಿ ಇನ್‌ಸ್ಟಾಲ್ ಒತ್ತಿ. ತಕ್ಷಣ ಸ್ಟಾರ್ಟ್ ಒತ್ತಬೇಡಿ, ನಾನು ಒತ್ತಿ ಒಂದು ರಾತ್ರಿ ಹಾಳು ಮಾಡಿಕೊಂಡೆ. ಮೊದಲು ಕಾನ್ಫಿಗರೇಷನ್ ಪುಟಕ್ಕೆ ಹೋಗಿ. ಗುಟ್ಟುಗಳನ್ನು ಕಾಪಾಡುವ ಒಂದು ರಹಸ್ಯಪದ ಕೇಳುತ್ತದೆ, ಅದನ್ನು ಕೊಟ್ಟು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಎಲ್ ಎಂಬ ಆಯ್ಕೆ ಮೊದಲೇ ಆನ್ ಆಗಿದ್ದರೆ, ನಿಮ್ಮ ಹತ್ತಿರ ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ, ಆಫ್ ಮಾಡಿ. ಇವೆರಡು ಸರಿಯಿಲ್ಲದಿದ್ದರೆ ಅದು ಏಳುವುದೇ ಇಲ್ಲ. ಆಮೇಲೆ ಸ್ಟಾರ್ಟ್. ಪಕ್ಕದ ಪಟ್ಟಿಯಲ್ಲಿ ತೋರಿಸು ಎಂಬುದನ್ನು ಆನ್ ಮಾಡಿದರೆ ಎಡಗಡೆ ಅದರ ಬಾಗಿಲು ಕಾಣುತ್ತದೆ. ಹೊರಗಿನಿಂದ ನೋಡಬೇಕೆಂದು ರೂಟರಿನಲ್ಲಿ ಕಿಂಡಿ ಕೊರೆದು ಲೋಕಕ್ಕೆಲ್ಲ ತೆರೆದಿಡಬೇಡಿ. ಮನೆ ಬಾಗಿಲಿಗೆ ಚಿಲಕ ಹಾಕುವವರು ಇದಕ್ಕೂ ಹಾಕಬೇಕು.

ಒಳಗೆ ಹೋದಾಗ ನನಗೆ ಹಳೆಯ ಪ್ರೆಸ್ಸಿಗೆ ಹೋದ ಹಾಗಾಯಿತು. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಮೊಳೆ ಜೋಡಿಸುತ್ತಿದ್ದರು. ಎಡಗಡೆ ಮೊಳೆಯ ಗೂಡುಗಳು, ಕೈಯಲ್ಲಿ ಸ್ಟಿಕ್ಕು, ಪಕ್ಕದಲ್ಲಿ ಪ್ರೂಫ್ ಕಾಗದ. ಇಲ್ಲೂ ಹಾಗೇ. ಎಡಗಡೆ ಚೌಕಗಳ ಗೂಡು, ನಡುವೆ ಜೋಡಿಸುವ ಬಯಲು, ಬಲಗಡೆ ಡಿಬಗ್ ಎಂಬ ಪಟ್ಟಿ. ಅದೇ ಪ್ರೂಫು. ಒಂದು ಚೌಕ ಎಳೆದು ತಂದು ಬಯಲಿನಲ್ಲಿಡಿ, ಇನ್ನೊಂದು ಇಡಿ, ನಡುವೆ ತಂತಿ ಎಳೆಯಿರಿ. "ಇದು ಆದರೆ ಅದು ಮಾಡು" ಅಂತ ಅರ್ಥ. ಮೇಲೆ ಬಲಗಡೆ ಕೆಂಪು ಗುಂಡಿ ಇದೆ, ಡಿಪ್ಲಾಯ್. ಅದನ್ನು ಒತ್ತುವ ತನಕ ಯಾವುದೂ ಜಾರಿಗೆ ಬರುವುದಿಲ್ಲ. ಪ್ರೂಫ್ ನೋಡದೆ ಮಷೀನಿಗೆ ಕಳಿಸಬೇಡಿ ಅಂತ ನಮ್ಮ ಹಳೆಯ ಫೋರ್‌ಮನ್ ಹೇಳುತ್ತಿದ್ದರು. ಇಲ್ಲೂ ಅದೇ ಮಾತು. ಮೋಟ್ರಿನ ತಂತಿ ಜೋಡಿಸುವ ಮೊದಲು ಡಿಬಗ್‌ನಲ್ಲಿ ಹತ್ತು ಸಲ ನೋಡಿ.

ಪ್ರತಿ ಚೌಕಕ್ಕೂ ಒಂದು ಹೆಸರು ಕೊಡಬಹುದು. ಆ ಹುಡುಗ ಕೊಟ್ಟಿದ್ದು ಇಂಗ್ಲಿಷ್ ಹೆಸರು. ನಾನು ಕನ್ನಡದಲ್ಲಿ ಕೊಡಲು ಹೋದೆ. ನುಡಿಯಲ್ಲಿ ಟೈಪ್ ಮಾಡಿ ಅಂಟಿಸಿದೆ. ಬಂದದ್ದೇನು? ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಗಂಟು! "ನೋಡಿದಿರಾ, ಕನ್ನಡ ಇದಕ್ಕೆ ಬರುವುದಿಲ್ಲ" ಅಂತ ಬೈದುಬಿಟ್ಟೆ. ಬೈಗುಳ ತಪ್ಪು ವಿಳಾಸಕ್ಕೆ ಹೋಗಿತ್ತು.

ತಪ್ಪು ನನ್ನ ಅಭ್ಯಾಸದ್ದು. ನಾವು ಡಿಟಿಪಿಯವರು ಬಳಸುವ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತುಂಬಿರುತ್ತಾರೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷು. ಆ ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೆ ತನ್ನದೇ ಕೇರಿ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಅದೇ ಬೆರಳು, ಅದೇ ಅಭ್ಯಾಸ. ಬದಲಾಯಿಸಿ ಟೈಪ್ ಮಾಡಿದೆ. ಚೌಕದ ಮೇಲೆ ದುಂಡಗೆ ಕನ್ನಡ ಕೂತಿತು. ನಮ್ಮನ್ನು ಯಾರೂ ತಡೆದಿರಲಿಲ್ಲ ಗೆಳೆಯರೇ. ಬಾಗಿಲು ತೆರೆದೇ ಇತ್ತು, ನಾವು ಹೋಗಿರಲಿಲ್ಲ.

ಒಂದು ಮಾತು ನೆನಪಿರಲಿ. ಹೋಮ್ ಅಸಿಸ್ಟೆಂಟಿನಲ್ಲಿ ಪ್ರತಿ ಸಾಧನಕ್ಕೂ ಕಾಣುವ ಹೆಸರೊಂದು, ಒಳಗುರುತು ಒಂದು. ಕಾಣುವ ಹೆಸರು ಕನ್ನಡದಲ್ಲಿರಬಹುದು. ಒಳಗುರುತು ಇಂಗ್ಲಿಷ್ ಸಣ್ಣಕ್ಷರ, ಅಂಕಿಗಳಲ್ಲೇ ಇರಬೇಕು. ಅದಕ್ಕೆ ಸಿಟ್ಟು ಬೇಡ. ಅಚ್ಚುಮೊಳೆಯ ಬುಡದಲ್ಲಿ ಒಂದು ಗೀಟು ಇರುತ್ತಿತ್ತು, ಕಂಪೋಸಿಟರನ ಬೆರಳಿಗೆ ಬೇಕಾದದ್ದು, ಓದುಗನಿಗೆ ಕಾಣದ್ದು. ಇದೂ ಅಷ್ಟೇ.

ಈಗ ಹೆಸರಿಡುವ ಕೆಲಸ. ನಾನು ಉತ್ಸಾಹದಲ್ಲಿ "ಜಲಸಂಗ್ರಹಾಗಾರ", "ವಿದ್ಯುತ್‌ಚಾಲಿತ ಯಂತ್ರ", "ತೇಲುಸೂಚಕ" ಅಂತ ಬರೆದೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ಓದಿಸಿದೆ. ಅವಳು ನಕ್ಕಳು. "ಇದ್ಯಾವ ಊರಿನ ಕನ್ನಡಾನೋ?" ಸರಿ, ಅವಳ ಬಾಯಿಂದಲೇ ಹೇಳಿಸಿದೆ. ತೊಟ್ಟಿ. ಮೇಲಿನ ಟ್ಯಾಂಕು. ಮೋಟ್ರು. ಕರೆಂಟು. ಫ್ಲೋಟು ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ, "ಇದು ಬುರುಡೆ" ಅಂದಳು. ಅವಳ ಕಾಲದಲ್ಲಿ ಬಾವಿಯಲ್ಲಿ ಈಜು ಕಲಿಯುವವರು ಸೋರೆ ಬುರುಡೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ನೀರಿನ ಮೇಲೆ ತೇಲುವುದು ಬುರುಡೆ. ಯಾವ ಪಾರಿಭಾಷಿಕ ಪದಕೋಶ ಇದಕ್ಕಿಂತ ಒಳ್ಳೆಯ ಪದ ಕೊಡುತ್ತದೆ ಹೇಳಿ?

ಆಮೇಲೆ ನಡೆದದ್ದು ನಾನು ಎಣಿಸಿರಲಿಲ್ಲ. ಚೌಕಗಳನ್ನು ಬೆರಳಿಟ್ಟು ಓದುತ್ತಾ ಬಂದಳು. "ಮೇಲಿನ ಟ್ಯಾಂಕು ಖಾಲಿ. ತೊಟ್ಟಿಯಲ್ಲಿ ನೀರು ಇದೆಯಾ? ಇದ್ದರೆ ಮೋಟ್ರು ಹಾಕು. ಟ್ಯಾಂಕು ತುಂಬಿತಾ? ಮೋಟ್ರು ನಿಲ್ಲಿಸು." ಅಲ್ಲಿಗೆ ನಿಂತು, "ಇದು ತಪ್ಪು" ಅಂದಳು. ಯಾಕೆ ಅಂದೆ. "ನಲ್ಲಿ ಬಿಟ್ಟ ಹೊಸದ್ರಾಗೆ ಕೆಸರು ನೀರು ಬರ್ತೈತೆ. ತೊಟ್ಟಿಯಾಗೆ ಅರ್ಧ ಗಂಟೆ ತಿಳಿಯಾಗ್ಬೇಕು. ತಕ್ಷಣ ಏರ್ಸಿದ್ರೆ ಕೆಸರೆಲ್ಲ ಮ್ಯಾಲಿನ ಟ್ಯಾಂಕಿಗೆ ಹೋಗ್ತೈತೆ. ಅದ್ಕೇ ಈಚೀಚೆಗೆ ನೀರು ಕೆಂಪಗೆ ಬರ್ತಿತ್ತು."

ಮೂರು ತಿಂಗಳಿಂದ ಅವಳಿಗೆ ಇದು ಗೊತ್ತಿತ್ತು. ಹೇಳಲು ದಾರಿ ಇರಲಿಲ್ಲ, ಯಂತ್ರಕ್ಕೆ ಏನು ಹೇಳಿದ್ದಾರೆಂದು ಅವಳಿಗೆ ಓದಲಾಗುತ್ತಿರಲಿಲ್ಲವಲ್ಲ. ನಾನು ತಡೆ ಹಾಕುವ ಚೌಕ ಒಂದನ್ನು ಎಳೆದು ತಂದು ಮಧ್ಯೆ ಇಟ್ಟೆ, 30 ನಿಮಿಷ. ಅದರ ಹೆಸರು "ನೀರು ತಿಳಿಯಾಗಲಿ". ಆ ಚೌಕ ಅಮ್ಮನದು.

ಗೆಳೆಯರೇ, ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಕನ್ನಡದಲ್ಲಿರಲಿ ಅಂತ ನಾವು ಕೇಳುವುದು ಅಲಂಕಾರಕ್ಕಲ್ಲ. ಓದಲು ಬಂದವರು ತಿದ್ದಬಲ್ಲರು. ಓದಲು ಬರದವರು ಬೈಸಿಕೊಳ್ಳುತ್ತಾರೆ. ನಮ್ಮ ಹಿರಿಯರ ತಲೆಯಲ್ಲಿರುವ ನೀರಿನ ಲೆಕ್ಕ, ಮಣ್ಣಿನ ಲೆಕ್ಕ ಯಂತ್ರದೊಳಗೆ ಹೋಗಬೇಕಾದರೆ ಯಂತ್ರ ಅವರ ಮಾತಿನಲ್ಲಿರಬೇಕು.

ಇನ್ನು ನಾಲ್ಕು ಎಚ್ಚರಿಕೆ. ಒಂದು, ಒಂದು ಎಚ್.ಪಿ. ಅಂದರೆ 746 ವ್ಯಾಟು ನಿಜ, ಆದರೆ ಮೋಟ್ರು ಏಳುವಾಗ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸ್ಮಾರ್ಟ್ ಪ್ಲಗ್ಗಿಗೆ ನೇರ ಚುಚ್ಚಬೇಡಿ. ವೈಫೈ ರಿಲೇ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರು ಮೋಟ್ರನ್ನು ಎಳೆಯಲಿ. ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಎರಡು, ಕರೆಂಟು ಹೋಗಿ ಬಂದಾಗ ರಿಲೇ ಆಫ್ ಆಗಿಯೇ ಏಳುವಂತೆ ಇಡಿ. ಮೂರು, ತೊಟ್ಟಿಯ ಬುರುಡೆಯನ್ನು ಕಾಂಟ್ಯಾಕ್ಟರಿನ ತಂತಿಯಲ್ಲೇ ನೇರವಾಗಿಯೂ ಸೇರಿಸಿ. ವೈಫೈ ಸತ್ತರೂ ಕಂಪ್ಯೂಟರು ಸತ್ತರೂ ತೊಟ್ಟಿ ಒಣಗಿದರೆ ಮೋಟ್ರು ನಿಲ್ಲಲೇಬೇಕು. ನಾಲ್ಕು, ಮೋಟ್ರಿಗೆ ಒಂದು ಗರಿಷ್ಠ ಹೊತ್ತು ಹಾಕಿ. ನಮ್ಮದು 25 ನಿಮಿಷ. ಅಷ್ಟರಲ್ಲಿ ಟ್ಯಾಂಕು ತುಂಬದಿದ್ದರೆ ಏನೋ ಎಡವಟ್ಟಾಗಿದೆ.

ಸಣ್ಣ ಪುಟ್ಟ ಕೆಲಸಕ್ಕೆ, ದೀಪ ಹಚ್ಚಿ ಆರಿಸುವುದಕ್ಕೆ, ಇಷ್ಟೆಲ್ಲ ಬೇಡ. ಹೋಮ್ ಅಸಿಸ್ಟೆಂಟಿನಲ್ಲೇ ಫಾರಂ ತುಂಬಿದ ಹಾಗೆ ಮಾಡುವ ಎಡಿಟರ್ ಇದೆ. ನಾಲ್ಕು ದಾರಿ ಸೇರುವ ಕೆಲಸಕ್ಕೆ ಮಾತ್ರ ಚಿತ್ರದ ಎಡಿಟರ್ ಬೇಕು.

ಮಾತಾಡುವ ವಿಷಯ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಅದರ ದನಿಯಲ್ಲಿ ಈಗ ಕನ್ನಡ ಹೇಳಿಸಬಹುದು. ಆದರೆ ಇಂಟರ್‌ನೆಟ್ ಇರಬೇಕು. ನಮ್ಮೂರಿನಲ್ಲಿ ಮಳೆ ಬಂದರೆ ಅದು ಇರುವುದಿಲ್ಲ. ನಾನು ನನ್ನ ಮಗಳ ದನಿಯಲ್ಲೇ ಆರೇಳು ವಾಕ್ಯ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿಟ್ಟೆ. ಅಡುಗೆಮನೆಯ ಸ್ಪೀಕರಿನಲ್ಲಿ ಮೊಮ್ಮಗಳ ದನಿ ಬರುತ್ತದೆ: "ಅಜ್ಜಿ, ಟ್ಯಾಂಕು ತುಂಬೈತೆ. ಮೋಟ್ರು ನಿಲ್ಸಿದೀನಿ." ಕೆಲವು ಸಲ ಅಮ್ಮ ಅದಕ್ಕೆ "ಹೂಂ ಕಣವ್ವ" ಅಂತ ಉತ್ತರ ಕೊಡುತ್ತಾಳೆ.

ಹೋದ ಬೇಸಿಗೆಯಲ್ಲಿ ಪ್ರೆಸ್ಸಿನಲ್ಲಿದ್ದೆ. ಅಮ್ಮನ ಫೋನು. "ಮೋಟ್ರು 25 ನಿಮಿಷ ಓಡಿತು, ಟ್ಯಾಂಕು ತುಂಬಲಿಲ್ಲ, ನಿಲ್ಲಿಸಿದ್ದೇನೆ, ಪೈಪು ಬುರುಡೆ ನೋಡು ಅಂತ ಬಂತಪ್ಪ. ಹಿತ್ತಲಿಗೆ ಹೋಗಿ ನೋಡ್ದೆ, ನೆಲ ಒದ್ದೆ ಇತ್ತು. ಪೈಪಿನ ಜಾಯಿಂಟು ಬಿಟ್ಟಿತ್ತು. ಪಕ್ಕದ್ಮನೆ ಹುಡುಗನ ಕೈಲಿ ಹಾಕಿಸ್ದೆ. ಸುಮ್ನೆ ತಿಳಿಸಾಣ ಅಂತ ಮಾಡ್ದೆ." ಸುಮ್ಮನೆ ತಿಳಿಸಲು! ಅವತ್ತು ಆ ಇಡೀ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿದೆ. ನಾನು ಅಚ್ಚು ಹಾಕಿದ ಎಲ್ಲ ಪೋಸ್ಟರುಗಳಲ್ಲಿ ಅದೇ ನನಗೆ ಹೆಚ್ಚಿನದು.

ಕೊನೆಯ ಮಾತು ನಿಮ್ಮ ಪಾಲಿನದು. ನೋಡ್-ರೆಡ್‌ನ ಪರದೆ ಜಪಾನಿ, ಚೀನಿ, ಕೊರಿಯನ್, ಜರ್ಮನ್, ಫ್ರೆಂಚ್, ರಷ್ಯನ್ ಭಾಷೆಗಳಲ್ಲಿದೆ. ನಾನು ಹಾಕಿಕೊಂಡ ಆವೃತ್ತಿಯಲ್ಲಿ ಕನ್ನಡ ಇರಲಿಲ್ಲ. ಹೆಸರುಗಳನ್ನು ನಾನು ಕನ್ನಡ ಮಾಡಿಕೊಂಡೆ, ಸುತ್ತಲಿನ ಗುಂಡಿಗಳು ಇಂಗ್ಲಿಷಿನಲ್ಲೇ ಉಳಿದವು. ಆ ಭಾಷೆಗಳವರಿಗೆ ಯಾವ ಸರ್ಕಾರವೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಅವರವರ ಜನ ಕೂತು ಅನುವಾದಿಸಿದರು. ಭಾಷೆಗೊಂದು ಕಡತಗಳ ಗೂಡು, ಅದರಲ್ಲಿ ಎಡಗಡೆ ಗುರುತುಪದ, ಬಲಗಡೆ ವಾಕ್ಯ. ಬಲಗಡೆಯದನ್ನು ಕನ್ನಡ ಮಾಡಿ ಕಳಿಸುವುದು. ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬದುಕಿರುವ ತನಕ ಗುದ್ದಾಡಿದರು. 2007ರಲ್ಲಿ ಅವರು ಹೋದರು. ಅವತ್ತು ಇಲ್ಲದ ಅನುಕೂಲವೆಲ್ಲ ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿದೆ.

ನನಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ನಿಮಗೆ ಬರುತ್ತದೆ. ಈ ರಜೆಯಲ್ಲಿ ನಿಮ್ಮ ಮನೆಯ ಯಾವುದಾದರೂ ಒಂದು ಯಂತ್ರದ ಹೆಸರನ್ನು ನಿಮ್ಮ ಅಜ್ಜಿಯ ಬಾಯಿಂದ ಹೇಳಿಸಿ ಬರೆಯಿರಿ. ಆಮೇಲೆ ನಾಲ್ಕು ಜನ ಸೇರಿ ಆ ಕಡತ ಹಿಡಿಯಿರಿ. "ಡಿಪ್ಲಾಯ್" ಅನ್ನುವುದಕ್ಕೆ ಏನನ್ನಬೇಕು ಅಂತ ಜಗಳ ಆಡಿ. ಒಳ್ಳೆಯ ಜಗಳ ಅದು.

ಮುಗಿದ ಮೇಲೆ ನನಗೆ ಕಳಿಸಿ. ಪ್ರೂಫು ನಾನು ನೋಡಿಕೊಡುತ್ತೇನೆ. ದುಡ್ಡು ಬೇಡ.